ಪದಚರ್ಚೆ: ಟೀಮ್ ಪ್ಲೇಯರ್, ಕೊಲಾಬರೇಟ್, ಅಕೌಂಟಬಲ್ – ಸೋಮವಾರದೊಳಗೆ ಬೇಕು

ತುಮಕೂರಿನಿಂದ:

ಎಲ್ಲರಿಗೂ ನಮಸ್ಕಾರ.

ನಾನು ಪದವಿ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಕೊನೆಯ ವರ್ಷದ ಮಕ್ಕಳಿಗೆ ಮುಂದಿನ ವಾರ ಕ್ಯಾಂಪಸ್ ಇಂಟರ್‌ವ್ಯೂ. ಜಾಸ್ತಿ ಜನ ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರು. ‘ಟೀಮ್‌ನಲ್ಲಿ ಕೆಲಸ ಮಾಡಿದ ಅನುಭವ ಹೇಳಿ’ ಅನ್ನೋ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆಂದು ಒಂದು ಹಾಳೆ ಮಾಡುತ್ತಿದ್ದೇನೆ. ಎಡಗಡೆ ಇಂಗ್ಲಿಷ್ ಮಾತು, ಬಲಗಡೆ ಕನ್ನಡದಲ್ಲಿ ಅರ್ಥ. ಸೋಮವಾರ ಬೆಳಿಗ್ಗೆ ಜೆರಾಕ್ಸ್‌ಗೆ ಕೊಡಬೇಕು.

ಸಿಕ್ಕಿಕೊಂಡಿರುವುದು ಇಲ್ಲಿ. ಕೋಆಪರೇಟ್, ಕೊಲಾಬರೇಟ್, ಕೋಆರ್ಡಿನೇಟ್ ಮೂರಕ್ಕೂ ಸಹಕಾರ, ಸಹಯೋಗ, ಸಮನ್ವಯ ಅಂತ ಸಿಗುತ್ತದೆ. ಮಕ್ಕಳ ಕಿವಿಗೆ ಮೂರೂ ಒಂದೇ. ರೆಸ್ಪಾನ್ಸಿಬಲ್, ಅಕೌಂಟಬಲ್ ಎರಡಕ್ಕೂ ಜವಾಬ್ದಾರಿ. ಡೆಲಿಗೇಟ್ ಅಂದರೆ ‘ಪ್ರತಿನಿಧಿ’ ಅಂತ ಬರೆದುಕೊಂಡ ಹುಡುಗನೊಬ್ಬ ‘ಐ ಡೆಲಿಗೇಟೆಡ್ ಮೈ ಕಾಲೇಜ್’ ಅಂದ. ಟೀಮ್ ಪ್ಲೇಯರ್‌ಗೆ ಏನೂ ಸಿಕ್ಕಿಲ್ಲ. ‘ಆನ್ ದ ಸೇಮ್ ಪೇಜ್’, ‘ಪುಲ್ ಯುವರ್ ವೇಟ್’ ಇವಕ್ಕೂ ನಮ್ಮ ಮಾತು ಬೇಕು.

ಗೋಡೆಗೆ ಹಾಕಲು ‘ಟೀಮ್‌ವರ್ಕ್’ಗೆ ಒಂದು ಕನ್ನಡ ತಲೆಬರಹವೂ ಬೇಕಿತ್ತು. ಸದ್ಯಕ್ಕೆ ‘ತಂಡಕಾರ್ಯ’ ಅಂತ ಬರೆದಿದ್ದೇನೆ. ಸರಿ ಇದೆಯಾ?

ಮೈಸೂರಿನಿಂದ:

ಇಲ್ಲ. ಕನ್ನಡ ಪದಕ್ಕೆ ಸಂಸ್ಕೃತ ಪದ ಅಂಟಿಸಿದ ಅರಿಸಮಾಸ. ‘ಸಂಘಕಾರ್ಯ’ ಅನ್ನಿ, ಇಲ್ಲವೇ ‘ತಂಡದ ಕೆಲಸ’ ಎಂದು ಬಿಡಿಸಿ ಬರೆಯಿರಿ. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಹೇಳಿಹೋದದ್ದನ್ನು ಕಾಲೇಜಿನವರೇ ಮರೆತರೆ ಯಾರಿಗೆ ಹೇಳೋಣ?

ಬೆಂಗಳೂರಿನಿಂದ:

‘ಸಂಗಕಾರ್ಯ’ ಬೇಡವೇ ಬೇಡ. ಈಗ ಹಳ್ಳಿಯಲ್ಲಿ ಸಂಗ ಎಂದರೆ ವಾರವಾರ ಕಂತು ಕಟ್ಟಿಸಿಕೊಳ್ಳುವ ಸಾಲದ ಸಂಗ. ಸಕ್ಕದದ (ಸಂಸ್ಕೃತದ) ಕಡೆ ಕಯ್ ಚಾಚುವ ಮೊದಲು ನಮ್ಮ ನುಡಿಯಲ್ಲಿ ಏನಿದೆ ಎಂದು ನೋಡಬಾರದೇ? ನುಡಿಯರಿಗ ಡಿ.ಎನ್. ಶಂಕರ ಬಟ್ಟರು ಕನ್ನಡದಲ್ಲೇ ಪದ ಕಟ್ಟುವ ದಾರಿ ತೋರಿಸಿಕೊಟ್ಟು ಎಶ್ಟೋ ವರುಶವಾಯಿತು.

ತೆಗೆದುಕೊಳ್ಳಿ: ಟೀಮ್‌ವರ್ಕ್ – ಕೂಡುಗೆಲಸ. ಕೊಲಾಬರೇಟ್ – ಕೂಡಿಗೆಯ್ಯು. ಕೋಆರ್ಡಿನೇಟ್ – ಹೊಂದಿಸು. ಟೀಮ್ ಪ್ಲೇಯರ್ – ಕೂಡಾಳು. ಡೆಡ್‌ಲಯ್ನ್ – ಗಡುವು, ಅದು ಆಗಲೇ ಇದೆ.

ಮೈಸೂರಿನಿಂದ:

‘ಸಂಘ’ವನ್ನು ‘ಸಂಗ’ ಎಂದು ಬರೆದು ಮಹಾಪ್ರಾಣ ಕಳೆದುಕೊಂಡವರ ಜೊತೆ ವಾದ ಬೇಡ ಎಂದುಕೊಂಡಿದ್ದೆ. ಆದರೂ ಒಂದು ಮಾತು. ‘ಕಾರ್ಯ’ ಬೇಡವಾದರೆ ಅದರ ತದ್ಭವ ‘ಕಜ್ಜ’ ಇದೆ. ತಂಡ + ಕಜ್ಜ = ತಂಡಗಜ್ಜ. ಆದೇಶಸಂಧಿ ಸರಿಯಾಗಿದೆ, ಅರಿಸಮಾಸದ ದೋಷವಿಲ್ಲ, ಹಳಗನ್ನಡದ ಬನಿಯೂ ಇದೆ.

ತುಮಕೂರಿನಿಂದ:

ಸರ್, ಗೋಡೆ ಮೇಲೆ ‘ತಂಡಗಜ್ಜ’ ಅಂತ ಬರೆದರೆ ಮಕ್ಕಳು ಕಜ್ಜಿ ಅಂತ ಓದಿಕೊಂಡು ಮುಲಾಮು ಕೇಳುತ್ತಾರೆ. ದಯವಿಟ್ಟು ಬೇಡ.

‘ಕೂಡಾಳು’ ಕೇಳೋಕೆ ಚೆನ್ನಾಗಿದೆ. ಆದರೆ ನಮ್ಮ ಕಡೆ ಆಳು ಅಂದರೆ ಕೂಲಿಗೆ ಬರುವವರು, ಇಲ್ಲವೇ ಮನೆ ಆಳು. ಮನೆಯಲ್ಲಿ ಮೊದಲ ಸಲ ಡಿಗ್ರಿ ಓದುತ್ತಿರುವ ಹುಡುಗಿಗೆ ‘ನೀನು ಕೂಡಾಳು’ ಅಂದರೆ ಬೇಜಾರು ಮಾಡಿಕೊಳ್ಳುತ್ತಾಳೆ. ‘ಗೇಯೋದು’ ಅಂದರೂ ಹೊಲದಲ್ಲಿ ಗೇಯೋದೇ. ‘ಹೊಂದಿಸು’ ತೆಗೆದುಕೊಂಡೆ, ಥ್ಯಾಂಕ್ಸ್.

ನಿಜವಾದ ತೊಂದರೆ ‘ಸಹಕರಿಸು’ ಪದದ್ದು. ರಸ್ತೆ ಅಗೆದಾಗ ಏನು ಬೋರ್ಡು ಹಾಕುತ್ತಾರೆ? ‘ಕಾಮಗಾರಿ ಪ್ರಗತಿಯಲ್ಲಿದೆ, ಸಾರ್ವಜನಿಕರು ಸಹಕರಿಸಬೇಕು’. ಅಂದರೆ ಧೂಳು ಕುಡಿಯಿರಿ, ಸುತ್ತಿಕೊಂಡು ಹೋಗಿ, ಸುಮ್ಮನಿರಿ ಅಂತ. ಕರೆಂಟು ಹೋದರೂ ಸಹಕರಿಸಿ, ಬಸ್ಸು ತಡವಾದರೂ ಸಹಕರಿಸಿ. ಮಕ್ಕಳಿಗೆ ಈ ಪದದ ಜೊತೆ ಬಂದಿರುವ ಅರ್ಥ ತಾಳ್ಮೆಯದು, ಕೆಲಸದ್ದಲ್ಲ. ಹಾಗಾಗಿ ಇಂಟರ್‌ವ್ಯೂನಲ್ಲಿ ‘ಐ ವಿಲ್ ಕೋಆಪರೇಟ್ ಟು ಮೈ ಟೀಮ್’ ಅಂತಾರೆ. ಕೇಳಿದವರಿಗೆ ಈ ಹುಡುಗ ಹೇಳಿದ್ದು ಮಾಡಿಕೊಂಡು ಸುಮ್ಮನಿರುತ್ತಾನೆ ಅಂತ ಅನಿಸುತ್ತದೆ. ಆ ‘ಟು’ ಎಲ್ಲಿಂದ ಬಂತು ಅಂತ ನಿಮಗೆ ಹೇಳಬೇಕಿಲ್ಲ. ನಮಗೆ ಸಹಕರಿಸಿ, ಅವರಿಗೆ ಸಹಕರಿಸಿ. ‘ಗೆ’ ಅನ್ನೋ ಚತುರ್ಥಿ ವಿಭಕ್ತಿ ಹಾಗೇ ದಾಟಿಕೊಂಡು ಹೋಗಿದೆ.

ಕುಂದಾಪುರದಿಂದ:

ಮೇಡಂ, ಕೊಲಾಬರೇಟ್‌ಗೆ ನಮ್ಮಲ್ಲಿ ಪದ ಇದೆ, ಯಾರೂ ಕಟ್ಟಬೇಕಾಗಿಲ್ಲ. ಕೂಡಾಟ.

ಯಕ್ಷಗಾನದಲ್ಲಿ ಎರಡು ಮೇಳ ಒಟ್ಟಿಗೆ ಬಂದರೆ ಎರಡು ಬಗೆ ಆಟ ಆಗಬಹುದು. ಅಕ್ಕಪಕ್ಕ ಎರಡು ರಂಗಸ್ಥಳ ಹಾಕಿ, ಇವರದ್ದು ಮೇಲೋ ಅವರದ್ದು ಮೇಲೋ ಅಂತ ಪಂಥಕ್ಕೆ ಬಿದ್ದು ಆಡಿದರೆ ಅದು ಜೋಡಾಟ. ಎರಡೂ ಮೇಳದವರು ಒಂದೇ ರಂಗಸ್ಥಳದಲ್ಲಿ ಸೇರಿ ಒಂದೇ ಪ್ರಸಂಗ ಆಡಿದರೆ ಕೂಡಾಟ. ಇಂಗ್ಲಿಷಿನವರು ಕಾಂಪೀಟ್, ಕೊಲಾಬರೇಟ್ ಅಂತ ಬೇರೆ ಮಾಡಿದ್ದನ್ನು ನಾವು ರಾತ್ರಿ ಬೆಳಗಾಗುವವರೆಗೆ ಕೂತು ನೋಡಿದ್ದೇವೆ.

ಇನ್ನೂ ಒಂದು ಹೇಳುತ್ತೇನೆ. ಮೇಳವೇ ಟೀಮ್‌ಗೆ ತಂಡಕ್ಕಿಂತ ಒಳ್ಳೆಯ ಪದ. ಹಿಮ್ಮೇಳದಲ್ಲಿ ಭಾಗವತರು, ಮದ್ದಳೆ, ಚೆಂಡೆ. ಮುಮ್ಮೇಳದಲ್ಲಿ ವೇಷಧಾರಿಗಳು. ಪದ್ಯ ಮಾತ್ರ ಗೊತ್ತುಮಾಡಿದ್ದು, ಮಾತು ಅಲ್ಲಲ್ಲೇ ಹುಟ್ಟಬೇಕು. ಎದುರಿನ ವೇಷ ಏನು ಕೇಳುತ್ತದೆ ಅಂತ ಮೊದಲೇ ಗೊತ್ತಿರುವುದಿಲ್ಲ. ವೇಷಧಾರಿಗೆ ಉಸಿರು ಕಟ್ಟಿದ್ದು ಕಂಡರೆ ಭಾಗವತರು ಪದ್ಯ ಎತ್ತಿಕೊಳ್ಳುತ್ತಾರೆ. ಕೋಆರ್ಡಿನೇಟ್ ಅಂದರೆ ಅದೇ ಅಲ್ವಾ?

ಮೈಸೂರಿನವರಿಗೊಂದು ಪ್ರಶ್ನೆ. ಹಿಮ್ಮೇಳ, ಮುಮ್ಮೇಳ ಅರಿಸಮಾಸ ಅಲ್ಲವಾ? ‘ತಂಡೋಪತಂಡವಾಗಿ ಬಂದರು’ ಅಂತ ದಿನಾ ಪೇಪರಿನಲ್ಲಿ ಬರೆಯುತ್ತಾರಲ್ಲ, ಅಲ್ಲಿ ಸಂಸ್ಕೃತದ ಗುಣಸಂಧಿ ಯಾರು ಮಾಡಿದ್ದು?

ಮೈಸೂರಿನಿಂದ:

ಮೇಳ ಸಮಸಂಸ್ಕೃತ, ಅಂದರೆ ರೂಪ ಬದಲಾಗದೆ ಸಂಸ್ಕೃತಕ್ಕೂ ಕನ್ನಡಕ್ಕೂ ಸಲ್ಲುವ ಪದ. ‘ಮಳೆಗಾಲ’ದಲ್ಲಿರುವ ‘ಕಾಲ’ದ ಹಾಗೆ. ಸಮಸಂಸ್ಕೃತಕ್ಕೆ ದೋಷವಿಲ್ಲ, ಬಿರುದಾವಳಿಗೂ ವಿನಾಯಿತಿ ಇದೆ. ಸೂತ್ರ ಓದಿ ಬನ್ನಿ.

ತಂಡೋಪತಂಡ ಪತ್ರಕರ್ತರ ಪಾಪ. ನನ್ನನ್ನು ಕೇಳಬೇಡಿ.

ಕುಂದಾಪುರದಿಂದ:

ಹಾಗಾದರೆ ತಪ್ಪು ಕಂಡಲ್ಲೆಲ್ಲ ಸಮಸಂಸ್ಕೃತ ಅಂದರೆ ಆಯಿತು. ಒಳ್ಳೆಯ ಸೂತ್ರ.

ಡೆಟ್ರಾಯಿಟ್‌ನಿಂದ:

ಇಲ್ಲಿ ದಿನವಿಡೀ ಈ ಪದಗಳ ನಡುವೆಯೇ ಬದುಕು. ಬಳಕೆ ಹೇಗಿದೆ ಅಂತ ಹೇಳುತ್ತೇನೆ. ಸಮಾಸ ನೀವು ನೋಡಿಕೊಳ್ಳಿ.

ಮೂರು ಪದಗಳ ವ್ಯತ್ಯಾಸ ‘ಕೆಲಸ ಯಾರದು’ ಅನ್ನೋದರಲ್ಲಿದೆ. ಕೋಆಪರೇಟ್ ಅಂದಾಗ ಕೆಲಸ ಸಾಮಾನ್ಯವಾಗಿ ಇನ್ನೊಬ್ಬರದು. ಕೇಳಿದ್ದನ್ನು ಕೊಡುತ್ತೇವೆ, ಅಡ್ಡ ಬರುವುದಿಲ್ಲ. ಪೊಲೀಸರ ತನಿಖೆಗೆ ಜನ ಕೋಆಪರೇಟ್ ಮಾಡುತ್ತಾರೆ, ಕೊಲಾಬರೇಟ್ ಮಾಡುವುದಿಲ್ಲ. ಹಾಗಾಗಿ ತುಮಕೂರಿನ ಮೇಡಂ ಹೇಳಿದ ಬೋರ್ಡಿನ ‘ಸಹಕರಿಸಿ’ ಇಂಗ್ಲಿಷಿನ ಕೋಆಪರೇಟ್‌ಗೆ ಹತ್ತಿರವೇ ಇದೆ. ಮಕ್ಕಳು ತಪ್ಪು ಅರ್ಥ ಮಾಡಿಕೊಂಡಿಲ್ಲ. ಆ ಜಾಗಕ್ಕೆ ಬೇಕಾದ ಪದ ಅದಲ್ಲ, ಅಷ್ಟೇ. ಕೋಆರ್ಡಿನೇಟ್ ಅಂದರೆ ಕೆಲಸ ಬೇರೆಬೇರೆ. ಯಾರು ಮೊದಲು, ಯಾರು ಆಮೇಲೆ, ಯಾವಾಗ ಮುಗಿಸಬೇಕು ಅಂತ ಹೊಂದಿಸುವುದು. ಕೊಲಾಬರೇಟ್ ಅಂದರೆ ಕೆಲಸವೇ ಎಲ್ಲರದು. ಮುಗಿದ ಮೇಲೆ ಯಾವ ಸಾಲು ಯಾರು ಬರೆದದ್ದು ಅಂತ ಹೇಳೋಕೆ ಬರುವುದಿಲ್ಲ.

ಕೊಲಾಬರೇಟ್‌ಗೆ ಒಂದು ಕಪ್ಪು ಚುಕ್ಕೆಯೂ ಇದೆ. 1940ರಲ್ಲಿ ಫ್ರಾನ್ಸು ಜರ್ಮನಿಗೆ ಸೋತ ಮೇಲೆ ವಿಶಿ ಸರ್ಕಾರ ನಾಜಿಗಳ ಜೊತೆ ಕೈಜೋಡಿಸಿತು. ಆಗಿನಿಂದ ‘ಕೊಲಾಬರೇಟರ್’ ಅಂದರೆ ಶತ್ರುವಿನ ಜೊತೆ ಸೇರಿಕೊಂಡವನು ಅನ್ನೋ ಅರ್ಥವೂ ಅಂಟಿಕೊಂಡಿದೆ. ಆಫೀಸಿನಲ್ಲಿ ಯಾರೂ ಆ ಅರ್ಥದಲ್ಲಿ ತೆಗೆದುಕೊಳ್ಳುವುದಿಲ್ಲ, ಹೆದರಬೇಡಿ. ಡೆಡ್‌ಲೈನ್ ಇದಕ್ಕಿಂತ ಕೆಟ್ಟ ಮನೆತನದ್ದು. 1864ರಲ್ಲಿ, ಅಮೆರಿಕದ ಅಂತರ್ಯುದ್ಧದ ಹೊತ್ತಿಗೆ, ಜಾರ್ಜಿಯಾದ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಖೈದಿಗಳು ದಾಟಬಾರದ ಒಂದು ಗೆರೆ ಇತ್ತು. ದಾಟಿದರೆ ಗುಂಡು. ನಮ್ಮ ಗಡುವು ಎಷ್ಟೋ ವಾಸಿ.

ಇನ್ನು ‘ಟೀಮ್’. ಹಳೆಯ ಇಂಗ್ಲಿಷಿನಲ್ಲಿ ಅದಕ್ಕೆ ಎರಡು ಅರ್ಥ. ಒಂದು ಸಂತತಿ, ಮರಿಗಳ ಹಿಂಡು. ಇನ್ನೊಂದು ಒಟ್ಟಿಗೆ ನೊಗಕ್ಕೆ ಕಟ್ಟಿದ ಎತ್ತುಗಳು. ಬೇರು ‘ಎಳೆ’ ಅನ್ನೋ ಅರ್ಥದ್ದು. ಜರ್ಮನ್‌ನಲ್ಲಿ ಕಡಿವಾಣಕ್ಕೆ ಹೇಳುವ ‘ತ್ಸೌಮ್’ ಇದರ ದಾಯಾದಿ. ಮನುಷ್ಯರ ಗುಂಪಿಗೆ ಟೀಮ್ ಅಂದಿದ್ದು 16ನೇ ಶತಮಾನದಲ್ಲಿ. ಇಲ್ಲಿ ‘ಟೀಮ್‌ಸ್ಟರ್’ ಅಂದರೆ ಮೊದಲು ಕುದುರೆ ಬಂಡಿ ಹೊಡೆಯುವವನು, ಈಗ ಲಾರಿ ಡ್ರೈವರ್. ‘ಪುಲ್ ಯುವರ್ ವೇಟ್’ ಬಂದದ್ದು ದೋಣಿ ಹುಟ್ಟು ಹಾಕುವವರಿಂದ, ಆದರೂ ಎಳೆತ ಎಳೆತವೇ. ಕನ್ನಡದಲ್ಲಿ ಅದನ್ನೆಲ್ಲ ಒಂದೇ ಗಾದೆ ಹೇಳಿಬಿಟ್ಟಿದೆ: ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಟೀಮ್‌ವರ್ಕ್ ಇಲ್ಲ ಅಂತ ಇದಕ್ಕಿಂತ ಚೆನ್ನಾಗಿ ಯಾವ ಮ್ಯಾನೇಜರೂ ಹೇಳಲಾರ.

ಬೆಂಗಳೂರಿನಿಂದ:

ನೋಡಿದಿರಾ? ಅವರು ನೊಗ, ಎತ್ತು ಎನ್ನುವ ಮಣ್ಣಿನ ಪದವನ್ನೇ ಕಚೇರಿಗೆ ತಂದುಕೊಂಡರು. ನಾವು ‘ಗೇಯೋದು’ ಹೊಲದ್ದು, ‘ಆಳು’ ಕೂಲಿಯದ್ದು ಎಂದು ಹಿಂದೆ ಸರಿಯುತ್ತೇವೆ. ‘ಟೀಮ್’ ಎಂದರೆ ಎತ್ತು ಎಂದು ಯಾವ ಇಂಗ್ಲಿಶಿನವನೂ ಬೇಜಾರು ಮಾಡಿಕೊಳ್ಳಲಿಲ್ಲ. ಪದ ಬಳಸುತ್ತಾ ಹೋದರೆ ಹಳೆಯ ವಾಸನೆ ತಾನಾಗಿ ಹೋಗುತ್ತದೆ. ‘ಕೂಡಾಳು’ ಹಾಕಿ ಮೇಡಂ. ಹತ್ತು ವರುಶ ಬಿಟ್ಟು ನೋಡಿ.

ತುಮಕೂರಿನಿಂದ:

ಇಂಟರ್‌ವ್ಯೂ ಮುಂದಿನ ವಾರ ಇದೆ.

ಧಾರವಾಡದಿಂದ:

ಮೇಡಂ, ಅಕೌಂಟಬಲ್‌ಗೆ ಯಾರೂ ಉತ್ತರ ಕೊಟ್ಟೇ ಇಲ್ಲವಲ್ಲ. ಎಲ್ಲರೂ ಕೇಶಿರಾಜನ ಜೊತೆ ಕುಸ್ತಿಗೆ ಬಿದ್ದಿದ್ದಾರೆ.

ನಮ್ಮ ಕಡೆ ಜವಾಬು ಅಂದರೆ ಇವತ್ತಿಗೂ ಉತ್ತರ. ‘ಪತ್ರಕ್ಕೆ ಜವಾಬು ಬಂತೇನು?’ ಅಂತ ಕೇಳುತ್ತೇವೆ. ಜವಾಬು ಕೊಡುವವನು ಜವಾಬ್ದಾರ. ಅಂದರೆ ಜವಾಬ್ದಾರಿಯ ಮೂಲ ಅರ್ಥವೇ ಅಕೌಂಟಬಲ್: ಕೇಳಿದಾಗ ಉತ್ತರ ಹೇಳಬೇಕಾದವನು. ಕೆಲಸ ಹೊರುವವನಿಗೆ ಹೊಣೆ ಅನ್ನಿ. ಹತ್ತು ಜನ ಹೊಣೆ ಹಂಚಿಕೊಳ್ಳಬಹುದು. ಕೊನೆಗೆ ‘ಯಾಕೆ ಹೀಗಾಯಿತು?’ ಅಂತ ಸಾಹೇಬರು ಕೇಳಿದಾಗ ಜವಾಬು ಕೊಡುವವನು ಒಬ್ಬ. ಹೊಣೆ ರೆಸ್ಪಾನ್ಸಿಬಲ್, ಜವಾಬು ಅಕೌಂಟಬಲ್. ಮಕ್ಕಳಿಗೆ ಹೀಗೆ ಹೇಳಿದರೆ ಜೀವಮಾನದಲ್ಲಿ ಮರೆಯುವುದಿಲ್ಲ. ‘ಉತ್ತರದಾಯಿತ್ವ’ ಅಂತ ಸರ್ಕಾರಿ ಕಾಗದದಲ್ಲಿ ಬರೆಯುತ್ತಾರೆ, ಅದು ಹೇಳುವುದೂ ಇದನ್ನೇ, ನಾಲಿಗೆ ಹೊರಳಬೇಕು ಅಷ್ಟೇ.

‘ಆನ್ ದ ಸೇಮ್ ಪೇಜ್’ ಅನ್ನೋದಕ್ಕೆ ‘ಎಲ್ಲರದೂ ಒಂದೇ ಮಾತು’. ಪುಟದ ಗೊಡವೆ ಬೇಡ.

ಮತ್ತೆ ಸಹಕಾರವನ್ನು ಬೋರ್ಡಿಗೆ ಬಿಟ್ಟುಕೊಡಬೇಡಿ. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಕೂಡಿಸಿ ಪತ್ತಿನ ಸಂಘ ಕಟ್ಟಿದರು. ಸಹಕಾರ ಸಂಘದ ಕಾಯ್ದೆ ಬಂದು ಆಗಿನ್ನೂ ಒಂದೇ ವರ್ಷ. ಅಲ್ಲಿ ಸಹಕಾರ ಅಂದರೆ ಧೂಳು ಕುಡಿಯುವುದಲ್ಲ, ದುಡ್ಡು ಕೂಡಿಸಿ ಸಾವಕಾರನ ಕೈಯಿಂದ ತಪ್ಪಿಸಿಕೊಳ್ಳುವುದು.

ಮೈಸೂರಿನಿಂದ:

ಕಾವ್ಯದಲ್ಲಿ ಸಹಕಾರ ಎಂದರೆ ಮಾವಿನ ಮರ. ಸುಮ್ಮನೆ ಹೇಳಿದೆ.

ಬೆಂಗಳೂರಿನಿಂದ:

ಜವಾಬು ಅರಬ್ಬಿ. ದಾರ ಪಾರಸಿ. ಕನ್ನಡದ ‘ಹೊಣೆ’ ಇರುವಾಗ ಇದೇಕೆ? ಹೊಣೆ, ಹೊಣೆಗಾರ. ಮುಗಿಯಿತು.

ಧಾರವಾಡದಿಂದ:

ಮುಗಿಯಲಿಲ್ಲ ತಮ್ಮಾ. ಇಂಗ್ಲಿಷಿನಲ್ಲಿ ಎರಡು ಪದ ಇವೆ, ಎರಡು ಅರ್ಥ ಇವೆ. ನಮ್ಮಲ್ಲೂ ಎರಡು ಪದ ಇವೆ. ಒಂದನ್ನು ಊರು ಬಿಡಿಸಿ, ಉಳಿದ ಒಂದರ ಕೈಯಲ್ಲಿ ಎರಡೂ ಕೆಲಸ ಮಾಡಿಸುವುದು ಯಾವ ಜಾಣತನ? ಜವಾಬು ಬಿಟ್ಟರೆ ಅರ್ಜಿಯನ್ನೂ ಬಿಡಿ. ಕಾಗದ ಬಿಡಿ. ಮೇಜು ಪೋರ್ಚುಗೀಸರದು, ನೆಲದ ಮೇಲೆ ಕೂತು ಬರೆಯಿರಿ. ಕಟ್ಟಡ ಕಟ್ಟಿಸುವಾಗ ಮೇಸ್ತ್ರಿ ಅನ್ನಬೇಡಿ, ಅವನೂ ಪೋರ್ಚುಗೀಸ್ ‘ಮೆಸ್ತ್ರೆ’. ನೀವೇ ಮೇಲೆ ‘ಕಚೇರಿ’ ಅಂತ ಬರೆದಿದ್ದೀರಿ, ಅದೇನು ಹಳಗನ್ನಡವೇ?

ಬೆಂಗಳೂರಿನಿಂದ:

ಬಂದು ಊರಿದ ಪದ ಬೇರೆ, ಹೊಸದಾಗಿ ತರುವುದು ಬೇರೆ.

ಧಾರವಾಡದಿಂದ:

ಜವಾಬ್ದಾರಿ ನಿನ್ನೆ ರಾತ್ರಿಯ ಬಸ್ಸಿಗೆ ಬಂತೇನು?

ಮೈಸೂರಿನಿಂದ:

ಪಾರಸಿಗೆ ಇಷ್ಟು ಔದಾರ್ಯ ತೋರುವವರು ಸಂಸ್ಕೃತಕ್ಕೂ ಸ್ವಲ್ಪ ತೋರಬಹುದು. ಸಾವಿರ ವರ್ಷ ಜೊತೆಗಿದ್ದ ಭಾಷೆ.

ಹಾಸನದಿಂದ:

ಜಗಳದ ಮಧ್ಯೆ ಬಾಯಿ ಹಾಕುತ್ತೇನೆ. ಟೀಮ್‌ವರ್ಕ್ ಬಗ್ಗೆ ಮಾತಾಡುತ್ತಾ ಮುಯ್ಯಾಳು ಪದವನ್ನು ಯಾರೂ ಎತ್ತಲಿಲ್ಲವಲ್ಲ ಅಂತ ಆಶ್ಚರ್ಯ. ನಾಟಿ ಹೊತ್ತಿನಲ್ಲಿ ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯವರು, ನಾಳೆ ನಮ್ಮ ಗದ್ದೆಗೆ ನಿಮ್ಮ ಮನೆಯವರು. ಕೂಲಿ ಇಲ್ಲ, ಲೆಕ್ಕ ಇದೆ. ಮುಯ್ಯಿ ತೀರಿಸದವನ ಗದ್ದೆಗೆ ಮುಂದಿನ ವರ್ಷ ಯಾರೂ ಇಳಿಯುವುದಿಲ್ಲ. ‘ಹಿ ಡಸ್ ನಾಟ್ ಪುಲ್ ಹಿಸ್ ವೇಟ್’ ಅಂದರೆ ಅವನೇ. ಹಾಗಂತ ಮುಯ್ಯಾಳನ್ನು ಟೀಮ್‌ವರ್ಕ್‌ಗೆ ಸಮನಾಗಿ ಹಾಕಬೇಡಿ. ಮುಯ್ಯಾಳಿನಲ್ಲಿ ಗದ್ದೆ ಯಾವತ್ತೂ ಒಬ್ಬರದೇ. ಡೆಟ್ರಾಯಿಟ್‌ನವರು ಹೇಳಿದ ಹಾಗೆ ನೋಡಿದರೆ ಅದು ಕೊಲಾಬರೇಟ್ ಅಲ್ಲ.

ಮತ್ತೆ ‘ಗುಂಪು ಕೆಲಸ’ ಅಂತ ಎಲ್ಲೂ ಬರೆಯಬೇಡಿ ಮೇಡಂ. ಗುಂಪು ಅಂದ ಕೂಡಲೇ ಗುಂಪುಗಾರಿಕೆ ನೆನಪಾಗುತ್ತದೆ. ಕ್ರಿಕೆಟ್ ಪುಟದವರು ‘ಕೊಹ್ಲಿ ಪಡೆ’, ‘ಧೋನಿ ಬಳಗ’ ಅಂತ ಬರೆದು ಇದರಿಂದ ತಪ್ಪಿಸಿಕೊಂಡಿದ್ದಾರೆ. ಪಡೆ ಯುದ್ಧಕ್ಕೆ ಹೊರಟ ಹಾಗಿರುತ್ತದೆ, ಬಳಗ ಮದುವೆಗೆ ಹೊರಟ ಹಾಗಿರುತ್ತದೆ. ಆಫೀಸಿಗೆ ತಂಡವೇ ಸರಿ.

ತುಮಕೂರಿನಿಂದ:

ಎಲ್ಲರಿಗೂ ಥ್ಯಾಂಕ್ಸ್. ಹಾಳೆ ಮುಗಿಸಿದೆ.

ಪದಕ್ಕೆ ಪದ ಕೊಡುವುದನ್ನು ಬಿಟ್ಟೆ. ಬಲಗಡೆಯ ಕಾಲಂನಲ್ಲಿ ನಮ್ಮ ಎನ್‌ಎಸ್‌ಎಸ್ ಶಿಬಿರದ ಕೆಲಸವನ್ನೇ ಇಟ್ಟಿದ್ದೇನೆ, ಎಲ್ಲರೂ ಹೋಗಿದ್ದವರೇ. ಪಂಚಾಯಿತಿಯವರು ಉಳಿದುಕೊಳ್ಳಲು ಶಾಲೆಯ ಕೋಣೆ ಬಿಟ್ಟುಕೊಟ್ಟರು: ದೇ ಕೋಆಪರೇಟೆಡ್ ವಿತ್ ಅಸ್. ಅಡುಗೆಯವರು, ಕೆರೆ ಹೂಳು ತೆಗೆಯುವವರು, ಸಂಜೆ ಕಾರ್ಯಕ್ರಮದವರು ಇವರ ಹೊತ್ತು ಡಿಕ್ಕಿಯಾಗದ ಹಾಗೆ ಒಬ್ಬಳು ಹೊಂದಿಸಿದಳು: ಶಿ ಕೋಆರ್ಡಿನೇಟೆಡ್. ಬೀದಿ ನಾಟಕವನ್ನು ಎಲ್ಲರೂ ಕೂತು ಕಟ್ಟಿದರು: ವಿ ಕೊಲಾಬರೇಟೆಡ್ ಆನ್ ದ ಪ್ಲೇ. ಇದರ ಪಕ್ಕದಲ್ಲಿ ‘ಕೂಡಾಟ’ ಅಂತ ಬರೆದಿದ್ದೇನೆ. ಕರಾವಳಿ ಮಕ್ಕಳು ಇಲ್ಲಿ ಇಲ್ಲ, ಆದರೂ ಪದ ತಾನೇ ಅರ್ಥವಾಗುತ್ತದೆ. ‘ವಿತ್’ ಜನರಿಗೆ, ‘ಆನ್’ ಕೆಲಸಕ್ಕೆ ಅಂತ ದಪ್ಪ ಅಕ್ಷರದಲ್ಲಿ ಹಾಕಿದೆ. ಡೆಲಿಗೇಟ್‌ಗೆ ‘ಕೆಲಸ ಒಪ್ಪಿಸು’. ಅದರ ಕೆಳಗೆ ಒಂದು ಎಚ್ಚರಿಕೆ: ಒಪ್ಪಿಸಿದರೂ ಜವಾಬು ನಿಮ್ಮದೇ. ‘ಪುಲ್ ಯುವರ್ ವೇಟ್’ಗೆ ‘ನಿನ್ನ ಪಾಲಿನದು ನೀನು ಎಳೆ’.

ಟೀಮ್ ಪ್ಲೇಯರ್‌ಗೆ ಕನ್ನಡ ಹಾಕಲಿಲ್ಲ. ‘ಹೊಂದಿಕೊಂಡು ಹೋಗುವವನು’ ಅಂತ ಬರೆದು ಆಮೇಲೆ ಹೊಡೆದುಹಾಕಿದೆ. ಅದು ಮತ್ತೆ ರಸ್ತೆ ಬೋರ್ಡಿಗೇ ಹೋಗುತ್ತದೆ. ‘ಐ ಆಮ್ ಎ ಟೀಮ್ ಪ್ಲೇಯರ್’ ಅಂತ ಬಾಯಿಪಾಠ ಹೇಳಬೇಡಿ, ಶಿಬಿರದಲ್ಲಿ ಯಾರಿಗೆ ಏನು ಮಾಡಿಕೊಟ್ಟಿರಿ ಅಂತ ಹೇಳಿ ಅಂತ ಒಂದು ಸಾಲು ಬರೆದಿದ್ದೇನೆ.

ಗೋಡೆಗೆ ‘ಕೂಡಿ ಕೆಲಸ’. ಎತ್ತು–ಕೋಣದ ಗಾದೆ ಅದರ ಕೆಳಗೆ. ಪೇಂಟರ್ ಈಗಾಗಲೇ ಶುರು ಮಾಡಿದ್ದಾನೆ, ಇನ್ನು ತಿದ್ದುಪಡಿ ಬೇಡ. ಸಿನರ್ಜಿ ಅನ್ನೋದನ್ನು ಬಿಟ್ಟಿದ್ದೇನೆ. ಅದಕ್ಕೆ ಯಾರೂ ಪದ ಹುಡುಕಬೇಡಿ.

ಮೈಸೂರಿನಿಂದ:

‘ಕೂಡಿ ಕೆಲಸ’ ಸಮಾಸವೇ ಅಲ್ಲ. ಹಾಗಾಗಿ ದೋಷವೂ ಇಲ್ಲ.

ಬೆಂಗಳೂರಿನಿಂದ:

ಸಿನರ್ಜಿ – ಕೂಡುಕಸುವು.

ಧಾರವಾಡದಿಂದ:

ಮೇಡಂ ಬೇಡ ಅಂದರಲ್ಲ.